ಭಾವ ಫ್ಯಾನ್ ಹಾಕಿಕೊಂಡ ಬೇಸಿಗೆ

ಮುಂಬಯಿಗೆ ಬೇಸಿಗೆ ಬಂತೆಂದು ಊರಿಗೆಲ್ಲ ಬೆವರು ತಿಳಿಸುತ್ತದೆ. ನಮಗೆ ಮಾತ್ರ ನಮ್ಮ ಭಾವ ತಿಳಿಸುತ್ತಾರೆ. ಅವರ ಫೋನು ಬರುವವರೆಗೆ ಹೊರಗೆ ಎಷ್ಟೇ ಸುಡುತ್ತಿರಲಿ, ಅದು ಬೇಸಿಗೆಯಲ್ಲ, ಬರೀ ಸೆಕೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನ ಕಡೆಯವರು. ಬಂದರಿನ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿ ಮುಂಬಯಿಗೆ ಬಂದವರು ವಡಾಲದಲ್ಲಿ ಮನೆ ಮಾಡಿ, ನಿವೃತ್ತರಾದ ಮೇಲೂ ಅಲ್ಲೇ ಉಳಿದಿದ್ದಾರೆ. ನಾವಿರುವುದು ಆಂಟಾಪ್ ಹಿಲ್‌ನಲ್ಲಿ. ಬಸ್ಸು ಹತ್ತಿ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲಿ ಅವರ ಸ್ಟಾಪು ಬಂದುಬಿಡುತ್ತದೆ. ಇಂಥ ಭಾವ ಇಷ್ಟು ಹತ್ತಿರ ಇರಬಾರದಿತ್ತು ಎಂಬುದು ನಮ್ಮ ಯಜಮಾನರ ಅಭಿಪ್ರಾಯ.

ಇಂಥ ಭಾವ ಎಂದರೆ ಎಂಥವರು? ಬೇಸಿಗೆ ಬಂದರೆ ಜನ ಹಪ್ಪಳ ಒತ್ತುತ್ತಾರೆ, ಮಾವಿನಹಣ್ಣಿನ ಪೆಟ್ಟಿಗೆ ತರಿಸುತ್ತಾರೆ. ಭಾವ ಸಂಗೀತ ಗೊತ್ತುಮಾಡುತ್ತಾರೆ. ಆ ವರ್ಷ ಹೊಸದಾಗಿ ಬಂದ ಆಲ್ಬಂಗಳು, ಯಾರದೋ ಟ್ರಂಕಿನಲ್ಲಿ ಕೊಳೆಯುತ್ತಿದ್ದು ಈಗ ತೊಳೆದು ಒರೆಸಿ ಬಿಡುಗಡೆ ಮಾಡಿದ ಹಳೆಯ ಸಂಗೀತ ಕಚೇರಿಗಳ ಟೇಪುಗಳು, ಎಲ್ಲವನ್ನೂ ಚಳಿಗಾಲವಿಡೀ ಕೇಳಿ, ಅಳೆದು ಸುರಿದು, ಈ ಬೇಸಿಗೆಗೆ ಯಾರಿಗೆ ಯಾವುದು ಎಂದು ತೀರ್ಮಾನಿಸುತ್ತಾರೆ. ಆಮೇಲೆ ಬಳಗದಲ್ಲಿ ಒಬ್ಬೊಬ್ಬರಿಗೂ ಫೋನು, ಡಾಕ್ಟರು ಔಷಧಿ ಹೇಳುವ ಧಾಟಿಯಲ್ಲಿ.

"ನೋಡಮ್ಮ, ನಿನಗೆ ಈ ಸಲ ಬೆಳಿಗ್ಗೆ ವೀಣೆ. ಯಾವುದೋ ಮದುವೆ ಮನೇಲಿ ನುಡಿಸಿದ್ದು, ಟೇಪು ಈಗ ಸಿಕ್ಕಿದೆ. ಸಾಯಂಕಾಲಕ್ಕೆ ಒಬ್ಬ ಹೊಸ ಹುಡುಗಿ ಗಿಟಾರ್ ಇಟ್ಕೊಂಡು ಹಾಡಿದಾಳೆ, ಅದು. ಮಧ್ಯಾಹ್ನ ಮಾತ್ರ ಅದನ್ನ ಮುಟ್ಟಬೇಡ. ಡ್ರಮ್ಸ್ ಇದೆ, ಪಿತ್ತ ಕೆದರತ್ತೆ."

"ಮಧ್ಯಾಹ್ನ ನಾನು ಆಫೀಸಲ್ಲಿರ್ತೀನಿ ಭಾವ."

"ಒಳ್ಳೇದಾಯ್ತು. ಪಥ್ಯ ತಾನಾಗೇ ನಡೆಯತ್ತೆ."

ಇಷ್ಟಕ್ಕೇ ಮುಗಿದರೆ ಯಾರಿಗೂ ತಕರಾರಿಲ್ಲ. ವಾರ ಕಳೆದ ಮೇಲೆ ಪರೀಕ್ಷೆ ಇರುತ್ತದೆ. ಅದೂ ಸುಲಭದ ಪ್ರಶ್ನೆಗಳಲ್ಲ. ರಾಗ ಯಾವುದು, ತಾಳ ಯಾವುದು ಎಂದು ಕೇಳಿದರೆ ಊಹಿಸಿ ಹೇಳಬಹುದು. ಭಾವ ಕೇಳುವುದು, "ಎರಡನೇ ಕೀರ್ತನೆ ಮಧ್ಯೆ ಒಬ್ಬ ಕೆಮ್ಮಿದನಲ್ಲ, ಗಮನಿಸಿದೆಯಾ?" ಎಂದು. ಹಳೆಯ ಧ್ವನಿಮುದ್ರಣಗಳಲ್ಲಿ ಅವರಿಗೆ ಹಾಡುವವರಷ್ಟೇ ಕೆಮ್ಮುವವರೂ ಮುಖ್ಯ. ಒಮ್ಮೆ ಯಾರೋ ಹಳೆಯ ಕಚೇರಿಯೊಂದನ್ನು ಚೊಕ್ಕಟಗೊಳಿಸಿ ಮತ್ತೆ ಬಿಡುಗಡೆ ಮಾಡಿದಾಗ ಭಾವ ಎರಡು ದಿನ ಮಂಕಾಗಿದ್ದರು. "ಕೆಮ್ಮು ತೆಗೆದುಬಿಟ್ಟಿದಾರೆ ಕಣಮ್ಮ. ಒಳ್ಳೆ ತಾಳಕ್ಕೆ ಸರಿಯಾಗಿ ಕೆಮ್ತಿದ್ದ, ಪಾಪ" ಎಂದರು. ಸತ್ತವರ ಮನೆಯಲ್ಲಿ ಮಾತಾಡುವ ದನಿ!

ಅವರ ಮನೆಗೆ ಬೇಸಿಗೆಯಲ್ಲಿ ಊಟಕ್ಕೆ ಹೋಗುವುದೆಂದರೆ ವ್ರತ. ಅಕ್ಕನ ಕೈಯಡುಗೆಯ ಆಸೆಗೆ ಒಂದು ಭಾನುವಾರ ನಾವಿಬ್ಬರೂ ಹೋದೆವು. ಹುಳಿ, ಕೋಸಂಬರಿ, ಒಬ್ಬಟ್ಟು ಎಲ್ಲ ಮುಗಿಸಿ ಹಾಲ್‌ನಲ್ಲಿ ಕುಳಿತೆವು. ಭಾವ ಎದ್ದು ಪ್ಲೇಯರಿನ ಗುಂಡಿ ಒತ್ತಿದರು, ಅದೇ ಕೈಯಲ್ಲಿ ಫ್ಯಾನಿನ ಗುಂಡಿಯನ್ನೂ ಆರಿಸಿದರು. ಫ್ಯಾನು ತಿರುಗುತ್ತಿದ್ದರೆ ತಂಬೂರಿಯ ನಾದ ಕೇಳುವುದಿಲ್ಲವಂತೆ. ಕಿಟಕಿಯನ್ನೂ ಮುಚ್ಚಿದರು, ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರಲ್ಲ. ಮೇ ತಿಂಗಳು, ಹೊಟ್ಟೆ ತುಂಬ ಒಬ್ಬಟ್ಟು, ಮುಚ್ಚಿದ ಕಿಟಕಿ, ವಿಲಂಬಿತ ಆಲಾಪ! ನಮ್ಮ ಯಜಮಾನರ ಅಂಗಿ ಮೊದಲು ಬೆನ್ನಿಗಂಟಿತು, ಆಮೇಲೆ ಸೋಫಾಕ್ಕಂಟಿತು. ಅವರು ತಡೆಯಲಾರದೆ, "ಭಾವ, ಇದನ್ನ ಡಿಸೆಂಬರಲ್ಲಿ ಕೇಳಿದ್ರೆ ಆಗಲ್ವಾ?" ಎಂದರು.

ಭಾವ ಕಣ್ಣು ತೆರೆಯದೆ ಉತ್ತರಿಸಿದರು. "ಬೇಸಿಗೆ ಸಂಗೀತ ಕೇಳೋದಕ್ಕೆ ಬೇಸಿಗೆ ಬೇಕಲ್ಲಪ್ಪ."

ಹಾಗೆಂದು ಅವರನ್ನು ಹಳೆಯದಕ್ಕೆ ಜೋತುಬಿದ್ದವರೆಂದು ತಿಳಿಯಬೇಡಿ. ಗ್ರಾಂಟ್ ರೋಡಿನ ಗಲ್ಲಿಗಳಲ್ಲಿ ಹಳೆಯ ಕ್ಯಾಸೆಟ್ಟು ಹುಡುಕುವಷ್ಟೇ ಶ್ರದ್ಧೆಯಿಂದ ಫೋನಿನಲ್ಲಿ ಹೊಸ ಹುಡುಗರ ಹಾಡನ್ನೂ ಹುಡುಕುತ್ತಾರೆ. ಹೋದ ವರ್ಷ ನಮ್ಮ ಆಂಟಾಪ್ ಹಿಲ್‌ನ ಕೆಲವು ಹುಡುಗರು ಕನ್ನಡ, ತಮಿಳು, ಹಿಂದಿ, ಮರಾಠಿ ಎಲ್ಲ ಕಲಸಿ ರ್‍ಯಾಪ್ ಮಾಡಿದ್ದರು. ಭಾವ ಅದನ್ನು ತಮ್ಮ ಬಿಲ್ಡಿಂಗಿನ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ಹಂಚುವ ಹೊತ್ತಿಗೆ ಸ್ಪೀಕರಿಗೆ ಹಾಕಿಸಿದರು. ಪುರೋಹಿತರು ಮಂಗಳಾರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತರು. ಮನೆಗೆ ಬಂದ ಮೇಲೆ ಭಾವನ ಮಗಳು ರಚನಾ, "ಪಪ್ಪಾ, ಪೂಜೆಯಲ್ಲಿ ಯೇ ಸಬ್ ಕೌನ್ ಲಗಾತಾ ಹೈ? ನಂಗೆ ಎಷ್ಟು ಶರಮ್ ಆಯ್ತು ಗೊತ್ತಾ?" ಎಂದು ರೇಗಿದಳು. ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ ಆದ್ದರಿಂದ ಅವಳ ಕನ್ನಡ ಹೀಗೆ ಮೂರು ಕಾಲಿನ ಮೇಲೆ ನಡೆಯುತ್ತದೆ.

ಭಾವ ಶಾಂತವಾಗಿ, "ಹೊಸದು ಕೆಟ್ಟದ್ದಲ್ಲ ಮಗಳೇ, ಇನ್ನೂ ಹಳೇದಾಗಿಲ್ಲ, ಅಷ್ಟೇ" ಎಂದರು.

ಇಂಥ ಭಾವನಿಂದ ಈ ವರ್ಷ ಫೋನು ಬರಲಿಲ್ಲ.

ಏಪ್ರಿಲ್ ಶುರುವಾಯಿತು, ಮುಗಿಯಿತು. ಮೊದಲು ನಾವು ಸುಖಪಟ್ಟೆವು. ನಮ್ಮ ಯಜಮಾನರಂತೂ ಯಾರ ಹಂಗಿಲ್ಲದೆ ಕ್ರಿಕೆಟ್ ಕಾಮೆಂಟರಿ ಕೇಳಿದರು. ಬೆಂಗಳೂರಿನಿಂದ ನನ್ನ ತಮ್ಮ ಫೋನು ಮಾಡಿ, "ಭಾವ ನಿನಗೇನಾದ್ರೂ ಹೇಳಿದ್ರಾ? ನನಗೆ ಈ ಸಲ ಏನೂ ಬಂದಿಲ್ಲ" ಎಂದ. ದನಿಯಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚಿತ್ತು. ನಾನೇ ವಡಾಲಕ್ಕೆ ಫೋನು ಮಾಡಿದರೆ ಭಾವ ತೆಗೆಯುತ್ತಿರಲಿಲ್ಲ. ಅಕ್ಕ ತೆಗೆದು, "ಅವರು ಚೆನ್ನಾಗಿದಾರೆ ಕಣೇ, ಸುಮ್ಮನೆ ಕೂತಿದಾರೆ" ಎನ್ನುತ್ತಿದ್ದಳು. ಭಾವ ಸುಮ್ಮನೆ ಕೂರುವವರೇ?

ಮೇ ತಿಂಗಳ ಒಂದು ಬೆಳಿಗ್ಗೆ ಅಕ್ಕನೇ ಫೋನು ಮಾಡಿದಳು.

"ಬೇಗ ಬರ್ತೀಯಾ? ನಿಮ್ಮ ಭಾವ ಫ್ಯಾನ್ ಹಾಕಿಕೊಂಡು ಕೂತಿದಾರೆ."

ಹೊರಗಿನವರು ಕೇಳಿದ್ದರೆ ನಗುತ್ತಿದ್ದರು. ನಾನು ಆಫೀಸಿಗೆ ರಜೆ ಹೇಳಿ ಓಡಿದೆ.

ಭಾವ ಹಾಲ್‌ನಲ್ಲಿ ಫ್ಯಾನಿನ ಕೆಳಗೇ ಕುಳಿತಿದ್ದರು. ಪ್ಲೇಯರಿನ ಮೇಲೆ ಅಕ್ಕನ ಹಳೆಯ ಸೀರೆಯ ತುಂಡು ಹೊದಿಸಿತ್ತು. ಕಿಟಕಿ ಹಾರುಹೊಡೆದಿತ್ತು, ಕೆಳಗೆ ಯಾರೋ ಡ್ರಿಲ್ಲಿಂಗ್ ಮಾಡುತ್ತಿದ್ದರು, ಭಾವನ ಹಣೆಯಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ.

"ತಿಂಡಿ ಆಯ್ತಾ ಭಾವ?" ಎಂದೆ.

"ಹೌದಮ್ಮ, ಈ ಸಲ ಬೇಗನೇ ಬರಬಹುದು ಮಳೆ" ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾನು ಭಾವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅವರ ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಕೇಳಿದೆ. "ಭಾವ, ನಿಮಗೆ ಕಿವಿ ಕೇಳ್ತಿಲ್ವಾ?"

ಅವರು ಅಕ್ಕ ಹೋದ ಕಡೆ ಒಮ್ಮೆ ನೋಡಿದರು. ಆಮೇಲೆ, "ಅಕ್ಕನಿಗೆ ಹೇಳಬೇಡ" ಎಂದರು. ಪಿಸುಗುಟ್ಟಿದೆನೆಂದುಕೊಂಡಿದ್ದರು, ಪಾಪ. ಮೇಲಿನ ಮಹಡಿಗೂ ಕೇಳಿಸಿರಬೇಕು. "ಎಲ್ಲಾ ರಜಾಯಿ ಹೊದ್ದುಕೊಂಡು ಹಾಡಿದ ಹಾಗೆ ಕೇಳ್ತಿದೆ. ದಿನ ಹೋದಂಗೆ ರಜಾಯಿ ದಪ್ಪ ಆಗ್ತಿದೆ. ನಮ್ಮಪ್ಪನಿಗೂ ಇದೇ ವಯಸ್ಸಲ್ಲಿ ಶುರುವಾಯ್ತು. ಆಮೇಲೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ತಿರುಗ್ತಿರಲಿಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟರು ಹೇಳೋವರೆಗೂ ಅದು ನಿಜ ಅಲ್ವಲ್ಲ."

ಜೀವಮಾನವೆಲ್ಲ ನಮಗೆ ಕೇಳಿಸಿದ ಮನುಷ್ಯ, ತನಗೆ ಕೇಳದಿದ್ದಾಗ ಯಾರಿಗೂ ಹೇಳದೆ ಫ್ಯಾನಿನ ಕೆಳಗೆ ಕುಳಿತುಬಿಟ್ಟಿದ್ದರು. ತಮಗೇ ಕೇಳದ ಮೇಲೆ ನಮಗೆ ಏನನ್ನು ಕೇಳಿ ಎಂದು ಹೇಳುವುದು?

ಅವರನ್ನು ಹೊರಡಿಸಲು ಅಕ್ಕ, ನಾನು, ರಚನಾ ಮೂವರೂ ಬೇಕಾಯಿತು. ರಚನಾ ಮಾಟುಂಗಾದಲ್ಲಿ ಒಬ್ಬ ಕಿವಿ ಡಾಕ್ಟರನ್ನು ಹುಡುಕಿ, ಅದೇ ಸಂಜೆಗೆ ಹೆಸರು ಬರೆಸಿದಳು. ಟ್ಯಾಕ್ಸಿಯಲ್ಲಿ ಭಾವ ಒಮ್ಮೆ, ಮನಸ್ಸಿನಲ್ಲೇ ಅಂದುಕೊಂಡೆನೆಂದು ತಿಳಿದು, "ಒಂದು ಕಿವಿ ಉಳಿದ್ರೂ ಸಾಕು" ಎಂದರು. ಡ್ರೈವರ್ ತಿರುಗಿ ನೋಡಿದ.

ಡಾಕ್ಟರು ಧಾರವಾಡದ ಕಡೆಯ ಹೆಂಗಸು. ನಾವು ಕನ್ನಡದವರೆಂದು ತಿಳಿದದ್ದೇ ಅವರ ಹಿಂದಿ ಮಾಯವಾಯಿತು. ಭಾವನ ಕಿವಿಗೆ ದೀಪ ಹಿಡಿದು ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಿದರು. ಮತ್ತೆ ಮೊದಲಿನ ಕಡೆಗೆ ಬಂದರು.

"ಯಜಮಾನ್ರ," ಎಂದರು ಡಾಕ್ಟರು, "ಮುಂಬಯ್ಯಾಗ ಹತ್ತಿ ಗಿರಣಿ ಎಲ್ಲಾ ಮುಚ್ಚಿದ್ವು ಅಂತ ತಿಳಕೊಂಡಿದ್ದೆ. ನಿಮ್ಮ ಕಿವ್ಯಾಗ ಒಂದು ಇನ್ನೂ ನಡದದಲ್ರೀ."

ಇಕ್ಕುಳದಂಥದ್ದೊಂದನ್ನು ಒಳಗೆ ಹಾಕಿ ಹತ್ತಿಯ ಉಂಡೆಯೊಂದನ್ನು ಹೊರಗೆಳೆದರು. ಅದರ ಹಿಂದೆ ಗುಗ್ಗೆ. ಎಷ್ಟು ಗುಗ್ಗೆ ಎಂದು ವರ್ಣಿಸಿದರೆ ನೀವು ಊಟ ಬಿಡುತ್ತೀರಿ. ಇನ್ನೊಂದು ಕಿವಿಯಲ್ಲಿ ಹತ್ತಿ ಇರಲಿಲ್ಲ, ಆ ಕೊರತೆಯನ್ನು ಗುಗ್ಗೆಯೇ ತುಂಬಿತ್ತು.

ಆಗಿದ್ದಿಷ್ಟು. ಈ ವರ್ಷ ಒಂದು ಅಪರೂಪದ ಸಾರಂಗಿ ವಾದನದ ಹಳೆಯ ಟೇಪು ಬಿಡುಗಡೆಯಾಗುವುದಿತ್ತು. ಅದರ ಒಂದು ಎಳೆಯೂ ತಪ್ಪಿಹೋಗಬಾರದೆಂದು ಭಾವ ಚಳಿಗಾಲದಿಂದಲೇ ಹತ್ತಿ ಸುತ್ತಿದ ಕಡ್ಡಿಯಿಂದ ದಿನಕ್ಕೆರಡು ಹೊತ್ತು ಕಿವಿ ತಿಕ್ಕುತ್ತಿದ್ದರು, ಹಲ್ಲು ತಿಕ್ಕುವಂತೆ. ಗುಗ್ಗೆ ಹೊರಗೆ ಬರುವ ಬದಲು ಒಳಗೊಳಗೇ ಹೋಗಿ ಗೋಡೆಯಾಗಿತ್ತು. ಒಂದು ದಿನ ಹತ್ತಿಯೂ ಅಲ್ಲೇ ಉಳಿದುಕೊಂಡಿತ್ತು.

ಡಾಕ್ಟರು ಆಮೇಲೆ ಗಾಜಿನ ಕೋಣೆಯೊಂದರಲ್ಲಿ ಕೂರಿಸಿ ಶ್ರವಣದ ಪರೀಕ್ಷೆಯನ್ನೂ ಮಾಡಿಸಿದರು. ಪೀಂ ಎಂಬ ಸದ್ದು ಕೇಳಿದಾಗ ಕೈಯೆತ್ತಬೇಕು. ಭಾವ ಹೊರಗೆ ಬಂದು, "ಆ ಪೀಂ ಸ್ವಲ್ಪ ಅಪಶ್ರುತಿ ಇದೆ ಮೇಡಂ, ನೋಡಿಸಿ" ಎಂದರು.

"ಅಪಶ್ರುತಿ ಗೊತ್ತಾತಲ್ಲ, ಅಂದ್ರ ಆರಾಮ ಇದ್ದೀರಿ ಬಿಡ್ರಿ," ಎಂದು ಡಾಕ್ಟರು ನಕ್ಕರು. "ವಯಸ್ಸಿಗೆ ತಕ್ಕಂಗ ಒಂದೀಟು ಕಡಿಮಿ ಆಗೇದ, ಅಂಜೂದೇನಿಲ್ಲ. ಆದ್ರ ಇನ್ನ ಮ್ಯಾಲ ಕಿವಿಗೆ ಕಡ್ಡಿ ಹಾಕಬ್ಯಾಡ್ರಿ. ನಾವು ಬೆರಳು ಹಾಕಬಾರದು ಅಂತನ ದೇವ್ರು ಸಣ್ಣ ತೂತು ಇಟ್ಟಾನ."

ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ರಚನಾ ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಹೊರಗೆ ಫುಟ್‌ಪಾತಿಗೆ ಕಾಲಿಟ್ಟ ಭಾವ ಬೆಚ್ಚಿ ನಿಂತರು. ಬಸ್ಸಿನ ಹಾರನ್ನು, ಹೂವಿನವಳ ಕೂಗು, ಮಿಕ್ಸರಿನಲ್ಲಿ ಚಟ್ನಿ ರುಬ್ಬುವ ಸದ್ದು, ಎಲ್ಲವೂ ಒಂದೇ ಏಟಿಗೆ ಅವರ ಮೇಲೆ ಬಿದ್ದಿರಬೇಕು.

"ಈ ಊರು ಮೊದಲೂ ಇಷ್ಟೇ ಗಲಾಟೆ ಮಾಡ್ತಿತ್ತಾ?"

"ಹೌದು ಭಾವ."

"ಪರವಾಗಿಲ್ಲ," ಎಂದರು. "ಮಾಡಲಿ."

ಮನೆಗೆ ಬಂದೆವು. ಬಂದವರೇ ಪ್ಲೇಯರಿನ ಮೇಲಿನ ಬಟ್ಟೆ ತೆಗೆಯುತ್ತಾರೆ, ಆ ಸಾರಂಗಿ ಹಾಕುತ್ತಾರೆ ಎಂದು ನಾವೆಲ್ಲ ಸಿದ್ಧರಾಗಿದ್ದೆವು. ಭಾವ ಪ್ಲೇಯರಿನ ಕಡೆ ಹೋಗಲಿಲ್ಲ. ಅಡಿಗೆಮನೆಗೆ ಹೊರಟಿದ್ದ ಅಕ್ಕನನ್ನು ಕರೆದು ಕೂರಿಸಿದರು.

"ಎರಡು ತಿಂಗಳಿಂದ ನೀನು ಏನು ಹೇಳಿದೆಯೋ ನನಗೆ ಅರ್ಧವೂ ಕೇಳಿಲ್ಲ. ಗೊತ್ತಾಗಬಾರದು ಅಂತ ನಗ್ತಾ ತಲೆ ಆಡಿಸ್ತಿದ್ದೆ. ಈಗ ಮೊದಲಿಂದ ಹೇಳು."

"ಏನು ಹೇಳಲಿ ರೀ? ದಿನಾ ಹೇಳೋದೇ ಹೇಳಿದೀನಿ."

"ಅದನ್ನೇ ಹೇಳು."

ಅಕ್ಕ ಸಂಕೋಚದಿಂದ ಶುರು ಮಾಡಿದಳು. ಅಡಿಗೆಮನೆಗೆ ಹಸಿರು ಬಣ್ಣ ಹೊಡೆಸೋಣವೇ ಎಂದು ಕೇಳಿದ್ದಳಂತೆ, ಭಾವ ಒಪ್ಪಿದ್ದರಂತೆ. ರಚನಾ ಗೆಳತಿಯರ ಜೊತೆ ಗೋವಾಕ್ಕೆ ಹೋಗಲೇ ಎಂದಿದ್ದಳಂತೆ, ಅದಕ್ಕೂ ಒಪ್ಪಿದ್ದರಂತೆ. ನಮ್ಮ ತಾಯಿಯ ತಿಥಿ, ಎದುರುಮನೆಯವರ ಸೊಸೆಯ ಬಸಿರು, ಕೈಕೊಟ್ಟ ನಲ್ಲಿ, ಒಂದೊಂದಾಗಿ ಬಂದವು. ಭಾವ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಹೇಳುತ್ತ ಹೇಳುತ್ತ ಅಕ್ಕ ತಡೆದಳು.

"ಇನ್ನೇನು?" ಎಂದರು ಭಾವ.

"ಒಂದು ದಿನ ನಿಮ್ಮ ಪಕ್ಕದಲ್ಲಿ ಕೂತು ಹೇಳಿದ್ದೆ. ನೀವು ಹೀಗೆ ಮಾತಿಲ್ಲದೆ ಕೂತ್ಕೊಂಡ್ರೆ ನನಗೆ ಭಯ ಆಗತ್ತೆ ರೀ, ಈ ಮನೇಲಿ ನಾನೊಬ್ಬಳೇ ಇದೀನಿ ಅನ್ನಿಸತ್ತೆ ಅಂತ." ಅಕ್ಕ ತಲೆ ಬಗ್ಗಿಸಿದಳು. "ಅದಕ್ಕೂ ನೀವು ನಗ್ತಾ ತಲೆ ಆಡಿಸಿದ್ರಿ."

ಭಾವನ ಮುಖ ಸಣ್ಣದಾಯಿತು. ಅವರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಎಲ್ಲಕ್ಕೂ ಒಂದು ಉತ್ತರ ಇಟ್ಟುಕೊಂಡಿರುವ ಮನುಷ್ಯ. ಅವರು ಕೈಚಾಚಿ ಅಕ್ಕನ ಕೈಯನ್ನು ತೆಗೆದುಕೊಂಡು ತಮ್ಮ ಮಂಡಿಯ ಮೇಲಿಟ್ಟುಕೊಂಡರು. ನಾವು ನೋಡುತ್ತಿದ್ದೇವೆಂಬುದೂ ಅವರಿಗೆ ನೆನಪಿದ್ದಂತಿರಲಿಲ್ಲ.

"ಅದನ್ನ ಇನ್ನೊಂದು ಸಲ ಹೇಳು," ಎಂದರು. "ಮೆಲ್ಲಗೇ ಹೇಳು. ಕೇಳತ್ತೆ."

ನಾನು ರಚನಾಳನ್ನು ಕರೆದುಕೊಂಡು ಕಾಫಿ ಮಾಡಲು ಒಳಗೆ ಹೋದೆ.