ಗೌರಜ್ಜಿ ಸತ್ತದ್ದು ಯಾವ ದಡದಲ್ಲಿ

ನನ್ನ ಕೈಯಲ್ಲಿ ಇದುವರೆಗೆ ಬಹಳ ಜನ ಸತ್ತಿದ್ದಾರೆ. ಗಾಬರಿಯಾಗಬೇಡಿ, ಅವರಲ್ಲಿ ಅರ್ಧಕ್ಕರ್ಧ ಜನ ಬದುಕಿ ವಾಪಸ್ ಬಂದಿದ್ದಾರೆ. ನಾನು ಟಿವಿ ಧಾರಾವಾಹಿಗಳ ನಿರ್ದೇಶಕ, ನಿರ್ಮಾಪಕನೂ ನಾನೇ. ನಮ್ಮ ಕಸುಬಿನಲ್ಲಿ ಸಾವು ಎನ್ನುವುದು ಕಲಾವಿದರ ರಜೆಗೆ ಇನ್ನೊಂದು ಹೆಸರು. ನಾಯಕಿಗೆ ಮದುವೆ ಗೊತ್ತಾದರೆ ಕಾರು ಕಂದಕಕ್ಕೆ ಬೀಳುತ್ತದೆ; ಅವಳು ಮಧುಚಂದ್ರ ಮುಗಿಸಿ ಬರುವ ಹೊತ್ತಿಗೆ ಕಂದಕದ ಕೆಳಗಿನ ಆಶ್ರಮದಲ್ಲಿ ನೆನಪು ಕಳೆದುಕೊಂಡು ತುಳಸಿಗೆ ನೀರು ಹಾಕುತ್ತಿರುತ್ತಾಳೆ. ಖಳನಾಯಕ ಬೇರೆ ಚಾನೆಲ್‌ಗೆ ಹೋದರೆ ಗೋದಾಮಿಗೆ ಬೆಂಕಿ ಬೀಳುತ್ತದೆ. ಅಲ್ಲಿ ಜಗಳವಾಡಿಕೊಂಡು ಮರಳಿದರೆ ಮುಖಕ್ಕೆ ಸುತ್ತಿದ ಪಟ್ಟಿ ಬಿಚ್ಚುತ್ತೇವೆ. ಪಟ್ಟಿಯ ಒಳಗೆ ಅದೇ ಮುಖ, ಅದೇ ಮೀಸೆ. ನೋಡುವವರು ಒಪ್ಪಿಕೊಳ್ಳುತ್ತಾರೆ. ಕನ್ನಡದ ಹೆಣ್ಣುಮಕ್ಕಳ ಕ್ಷಮಾಗುಣದಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಇಂಥವನು ಒಬ್ಬ ಮುದುಕಿಯನ್ನು ಸಾಯಿಸಿ, ಅವಳನ್ನು ವಾಪಸ್ ತರಲಾಗದೆ ಕಾಶಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ಹೇಳಬೇಕಾಗಿದೆ.

ಅದಕ್ಕೆ ಮೊದಲು ನನ್ನ ಪೂರ್ವಾಶ್ರಮ. ನಾನು ಮೂಲತಃ ಸಿನಿಮಾದವನು. ನನ್ನ ಮೊದಲನೆಯ ಚಿತ್ರ ಬಿಡುಗಡೆಯಾದ ಶುಕ್ರವಾರವೇ ಸತ್ತಿತು; ಎರಡನೆಯದು ಬಿಡುಗಡೆಗೂ ಮೊದಲೇ. ಮೂರನೆಯದನ್ನು ಒಬ್ಬ ವಿಮರ್ಶಕರು 'ದಿಟ್ಟ ಪ್ರಯತ್ನ' ಎಂದು ಕರೆದರು. ನಮ್ಮಲ್ಲಿ ಅದು ಶ್ರದ್ಧಾಂಜಲಿಯ ಮಾತು. ಪ್ರತಿ ಸಲವೂ ಗಾಂಧಿನಗರದ ಹೋಟೆಲಿನಲ್ಲಿ ಕೂತವರು "ಶೀನನ ಕಥೆ ಮುಗೀತಪ್ಪಾ" ಎಂದು ಕಾಫಿ ಕುಡಿದು ಎದ್ದರು, ಪ್ರತಿ ಸಲವೂ ನಾನು ಏನೋ ಒಂದು ಹಿಡಿದುಕೊಂಡು ಮತ್ತೆ ಅದೇ ಹೋಟೆಲಿಗೆ ಬಂದೆ. ಕೊನೆಗೆ ಧಾರಾವಾಹಿಗೆ ಇಳಿದು ನಿರ್ದೇಶಕ ಮತ್ತು ನಿರ್ಮಾಪಕ ಎರಡೂ ಆದೆ. ಇದು ಒಂದೇ ಮನೆಯಲ್ಲಿ ಅತ್ತೆ ಸೊಸೆ ಇದ್ದ ಹಾಗೆ. ಒಳಗಿನ ನಿರ್ದೇಶಕ ಗಂಗೆಯ ತುಂಬ ದೀಪ ತೇಲಬೇಕು ಎನ್ನುತ್ತಾನೆ. ಒಳಗಿನ ನಿರ್ಮಾಪಕ, ಒಂದು ತಟ್ಟೆಯಷ್ಟು ದೀಪ ತೇಲಿಬಿಟ್ಟು ಕ್ಯಾಮೆರಾ ಹತ್ತಿರ ಇಟ್ಟುಕೊಂಡರೆ ಸಾಲದೇ ಎನ್ನುತ್ತಾನೆ. ಇವರಿಬ್ಬರ ಜಗಳ ಬಿಡಿಸುವುದರಲ್ಲೇ ನನ್ನ ಕೂದಲು ಉದುರಿತು.

ಗೌರಜ್ಜಿ ನಮ್ಮ ಧಾರಾವಾಹಿಯ ಹಿರಿಯ ಪಾತ್ರ. ಸೊಸೆಯ ಕಾಟ ಸಹಿಸುತ್ತ, ಮೊಮ್ಮಗಳಿಗೆ ಬುದ್ಧಿ ಹೇಳುತ್ತ ದೇವರ ಮನೆಯಲ್ಲಿ ಕೂತಿರುವುದು ಅವಳ ಕೆಲಸ. ಆ ಪಾತ್ರ ಮಾಡುತ್ತಿದ್ದವರು ಕಮಲಾಕ್ಷಮ್ಮ, ನಾಟಕ ಕಂಪನಿಯಲ್ಲಿ ಪಳಗಿದವರು. ಒಂದು ದಿನ ಚಾನೆಲ್‌ನಲ್ಲಿ ಕಥೆಗಳ ಉಸ್ತುವಾರಿ ನೋಡುವ ಯುವಕ ನನ್ನನ್ನು ಕರೆಸಿ, "ಸರ್, ಅಜ್ಜಿ ತುಂಬಾ ಸ್ಲೋ, ಯೂತ್‌ಗೆ ಕನೆಕ್ಟ್ ಆಗ್ತಿಲ್ಲ, ಒಂದು ಗ್ರ್ಯಾಂಡ್ ಡೆತ್ ಕೊಟ್ಟುಬಿಡಿ" ಎಂದ. ಗ್ರ್ಯಾಂಡ್ ಎಂದೊಡನೆ ನಿರ್ದೇಶಕ ಕಾಶಿ ಎಂದ. ಆಶ್ಚರ್ಯವೆಂದರೆ ನಿರ್ಮಾಪಕನೂ ಹೂಂ ಎಂದ. ಏಕೆಂದರೆ ಕಾಶಿಯ ಶಿವಾಲ ಎಂಬ ಕೇರಿಯಲ್ಲಿ ನನ್ನ ಸೋದರತ್ತೆ ನಾಗತ್ತೆ ಇದ್ದಾಳೆ. ಮಾವ ತೀರಿಕೊಂಡ ಮೇಲೆ, "ನನ್ನ ಕೊನೇ ಉಸಿರು ಕಾಶೀಲಿ, ನೀವ್ಯಾರೂ ಅಡ್ಡ ಬರಬೇಡಿ" ಎಂದು ತಿಪಟೂರಿನಿಂದ ಒಬ್ಬಳೇ ರೈಲು ಹತ್ತಿ ಬಂದವಳು. ಸಾಯಲೆಂದು ಬಂದು ಬಹಳ ವರ್ಷವಾಯಿತು, ಬಂದ ಮೇಲೆ ಇನ್ನೂ ಗಟ್ಟಿಯಾಗಿದ್ದಾಳೆ. ಯೂನಿಟ್‌ಗೆಲ್ಲ ಅವಳ ಮನೆಯಲ್ಲೇ ಉಪ್ಪಿಟ್ಟು ಕಾಫಿ ಆಗುತ್ತದೆ ಎಂದು ನಿರ್ಮಾಪಕ ಲೆಕ್ಕ ಹಾಕಿದ.

ಕಾಶಿಗೆ ಬಂದರೆ ಇಷ್ಟವಾದದ್ದೊಂದನ್ನು ಬಿಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ನಾನು ಬಂದ ದಿನವೇ ಹಾಗಲಕಾಯಿ ಬಿಟ್ಟೆ. ನಾಗತ್ತೆ ನನ್ನನ್ನು ಹುಟ್ಟಿದಾಗಿನಿಂದ ಬಲ್ಲವಳು, "ಇನ್ನು ಜ್ವರವನ್ನೂ ಬಿಟ್ಟುಬಿಡು, ಪುಣ್ಯ ಬರುತ್ತೆ" ಎಂದಳು. ಶೂಟಿಂಗ್ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಈಚೆ ದಡದ ಯಾವ ಘಾಟಿನಲ್ಲಿ ಹಾಸಿಗೆ ಹಾಕಿದರೂ ಕಮಲಾಕ್ಷಮ್ಮ ಸಾಯುವುದಕ್ಕೆ ಮೊದಲೇ ಸುತ್ತ ನೂರು ಜನ ಸೇರುತ್ತಿದ್ದರು. ಒಬ್ಬ ನಿಂಬೆ ಚಹಾ ಮಾರುವವನಂತೂ ಗೌರಜ್ಜಿಯ ಬಾಯಿಗೆ ಗಂಗಾಜಲ ಬಿಡುವ ಸಮಯಕ್ಕೆ ಸರಿಯಾಗಿ ಲೋಟ ಚಾಚಿದ. ಆಗ ನನಗೆ ಹೊಳೆಯಿತು. ಆಚೆ ದಡದಲ್ಲಿ ಬರೀ ಮರಳು, ಒಂದು ನರಪಿಳ್ಳೆ ಇಲ್ಲ. ಅಲ್ಲಿ ಹಾಸಿಗೆ ಹಾಕಿದರೆ ಬೆಳಗಿನ ಎಳೆ ಬಿಸಿಲಿಗೆ ಬೆಳಗುವ ಘಾಟುಗಳ ಸಾಲಿಗೆ ಸಾಲೇ ಹಿಂದೆ ಕಾಣುತ್ತದೆ, ಖರ್ಚು ಒಂದು ದೋಣಿ ಮಾತ್ರ. ನಿರ್ದೇಶಕ, ನಿರ್ಮಾಪಕ ಇಬ್ಬರೂ ಅಪ್ಪಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ದೋಣಿಯ ಭೋಲಾ ಮಾತ್ರ ಹಾಸಿಗೆ ಇಳಿಸುವಾಗ ಮುಖ ಹುಳ್ಳಗೆ ಮಾಡಿ, "ಇಧರ್ ಮತ್ ಮಾರಿಯೇ ಸಾಹಬ್, ಉಧರ್ ಲೇ ಜಾಕರ್ ಮಾರಿಯೇ" ಎಂದ. ಇಲ್ಲಿ ಬೇಡ, ಘಾಟಿನ ಕಡೆಗೇ ಕರೆದುಕೊಂಡು ಹೋಗಿ ಸಾಯಿಸಿ ಎಂದು. ಇನ್ನೊಂದು ಟ್ರಿಪ್ಪಿನ ಆಸೆ ಇವನಿಗೆ ಎಂದುಕೊಂಡು ಸುಮ್ಮನಾದೆ.

ಸಾವನ್ನು ನಾನು ಅರೆಬರೆ ಮಾಡುವವನಲ್ಲ. ತುಳಸಿ, ಗಂಗಾಜಲ, ಕಿವಿಯಲ್ಲಿ ಸಾಕ್ಷಾತ್ ಈಶ್ವರನೇ ತಾರಕಮಂತ್ರ ಹೇಳುವಂತೆ ಗ್ರಾಫಿಕ್ಸ್, ಎಲ್ಲ ಹಾಕಿದೆ. ಕೊನೆಯ ಮಾತನ್ನು ನಾನೇ ಬರೆದೆ: "ಮಗಾ, ಕಾಶಿಯಲ್ಲಿ ಕಣ್ಣು ಮುಚ್ಚುತ್ತಿದ್ದೇನೆ, ನನಗಿನ್ನು ಜನ್ಮವಿಲ್ಲ." ಕಮಲಾಕ್ಷಮ್ಮ ಅದನ್ನು ಹೇಳಿದ ರೀತಿಗೆ ಲೈಟ್ ಹಿಡಿದವನೂ ಅತ್ತ. ಎಪಿಸೋಡ್ ಬಂದ ದಿನ ಕರ್ನಾಟಕವೇ ಅತ್ತಿತು. ಮುಂದಿನ ವಾರದಿಂದ ಕರ್ನಾಟಕ ಕಣ್ಣೊರೆಸಿಕೊಂಡು ಬೇರೆ ಚಾನೆಲ್ ನೋಡತೊಡಗಿತು. ಯೂತ್ ಕನೆಕ್ಟ್ ಆಗಲಿಲ್ಲ, ಅಜ್ಜಿಗಾಗಿ ನೋಡುತ್ತಿದ್ದವರೂ ಹೋದರು. ಅದೇ ಯುವಕ ಮತ್ತೆ ಕರೆಸಿದ. "ಸರ್, ಅಜ್ಜೀನ ವಾಪಸ್ ತನ್ನಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಸ್ಲಾಟ್ ಬೇರೆಯವರಿಗೆ." ಎಂದರೆ ನನ್ನ ಜೊತೆಗೆ ಮೇಕಪ್‌ನವರು, ಅಡುಗೆಯವರು, ಕಮಲಾಕ್ಷಮ್ಮ, ಎಲ್ಲರ ಅನ್ನ ಬೇರೆಯವರಿಗೆ. ತಂದರಾಯಿತು, ಅದೇನು ಮಹಾ ಎಂದುಕೊಂಡೆ. ಅಜ್ಜಿಗೆ ಉಸಿರಿತ್ತು, ಸಾಧುಗಳು ಎತ್ತಿಕೊಂಡು ಹೋಗಿ ಗಿಡಮೂಲಿಕೆ ಕೊಟ್ಟರು, ಈಗ ಘಾಟಿನಲ್ಲಿ ಮೊಮ್ಮಗಳ ಕಣ್ಣಿಗೆ ಬೀಳುತ್ತಾಳೆ. ಇಂಥ ಕಥೆಯನ್ನು ನಾನು ಹಲ್ಲುಜ್ಜುತ್ತ ಬರೆಯಬಲ್ಲೆ. ಅಜ್ಜಿಗೆ ಉಸಿರಿತ್ತು, ವಾಪಸ್ ಬರುತ್ತಿದ್ದಾಳೆ ಎಂದು ಚಾನೆಲ್‌ನವರು ಆಗಲೇ ಪ್ರೋಮೋ ಹಾಕಿಬಿಟ್ಟರು. ಕಮಲಾಕ್ಷಮ್ಮನವರನ್ನೂ ಯೂನಿಟ್ಟನ್ನೂ ಕಟ್ಟಿಕೊಂಡು ಮತ್ತೆ ಶಿವಾಲಕ್ಕೆ ಬಂದಿಳಿದೆ.

ನಾಗತ್ತೆಯ ಮನೆಯಲ್ಲಿ ಈ ಸಲ ಉಪ್ಪಿಟ್ಟಿನ ವಾಸನೆ ಇರಲಿಲ್ಲ. ಅವಳೂ ಬಸಮ್ಮನೂ ಜಗಲಿಯ ಮೇಲೆ ನ್ಯಾಯಾಧೀಶರಂತೆ ಕೂತಿದ್ದರು. ಬಸಮ್ಮ ಗದಗದ ಕಡೆಯ ವಿಧವೆ, ಮಠದ ಕೋಣೆಯೊಂದರಲ್ಲಿ ಇರುತ್ತಾರೆ, ಅತ್ತೆಯ ಹಾಗೆ ಕಾಯುತ್ತಿರುವವರು.

"ಏನ್ರೀ ಡೈರೆಕ್ಟರ್ ಸಾಹೇಬ್ರ," ಎಂದರು ಬಸಮ್ಮ, "ಗೌರಜ್ಜೀನ ಎಬ್ಬಸ್ತೀರಂತಲ್ಲ, ಖರೇ ಏನು?"

"ಹೌದಮ್ಮ. ಜನ ಕೇಳ್ತಿದ್ದಾರೆ."

"ಕಾಶ್ಯಾಗ ಸತ್ತಾಕಿ ಹೆಂಗ ಬರ್ತಾಳ್ರೀ? ಈಶ್ವರ ಕಿವ್ಯಾಗ ಮಂತ್ರ ಹೇಳಿದ್ದು ಸುಳ್ಳೇನು?"

ಇದು ಧಾರಾವಾಹಿ, ನಿಜವಲ್ಲ ಎಂದು ವಿವರಿಸಲು ಹೋದೆ. ನಾಗತ್ತೆ ಕೈ ಅಡ್ಡ ಹಿಡಿದಳು. "ಅದು ನಮಗೂ ಗೊತ್ತು ಕಣೋ ಶೀನ, ನಮಗೇನು ತಲೆ ಕೆಟ್ಟಿಲ್ಲ. ಬಸಮ್ಮ ಅವಳು ಸಾಯೋದನ್ನ ಫೋನಲ್ಲಿ ಇಟ್ಕೊಂಡು ದಿನಾ ಪೂಜೆ ಆದ್ಮೇಲೆ ನೋಡ್ತಾರೆ. ನಾನೂ ನೋಡ್ತೀನಿ. ಹೀಗೇ ಆಗುತ್ತೆ, ಇಷ್ಟು ಸುಲಭವಾಗಿ ಆಗುತ್ತೆ ಅಂತ ಒಂದು ಧೈರ್ಯ. ಇಲ್ಲಿ ಸಬ್ಜಿಯವನ ಹತ್ರ ಹಿಂದೀಲಿ ಜಗಳ ಆಡ್ಕೊಂಡು, ಈ ಗಲೀಲಿ ಗೂಳಿ ತಪ್ಪಿಸ್ಕೊಂಡು ಇದ್ದೀವಲ್ಲ, ಯಾವ ಧೈರ್ಯದ ಮೇಲೆ ಅಂದುಕೊಂಡೆ? ಇಲ್ಲಿ ಸತ್ತವಳು ವಾಪಸ್ ಬರಬಹುದು ಅಂತಾದ್ರೆ ನಾವು ಇಲ್ಲಿ ಏನಕ್ಕೋ ಕೂತಿದ್ದೀವಿ?"

ಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಗತ್ತೆ ಕಾಶಿಗೆ ಬಂದದ್ದನ್ನು ನಾನು ಅವಳ ಹಟ ಎಂದೇ ತಿಳಿದು ನಗುತ್ತ ಬಂದವನು. ಅವಳಿಗೂ ಭಯವಿದೆ, ಆ ಭಯಕ್ಕೆ ನನ್ನ ಧಾರಾವಾಹಿ ಔಷಧಿಯಾಗಿತ್ತು ಎಂಬುದು ಆ ಗಳಿಗೆಯಲ್ಲಿ ತಿಳಿದು ನಿಜವಾಗಿಯೂ ಸಂಕಟವಾಯಿತು. ನನ್ನ ಮೂರು ಸಿನಿಮಾ ನೋಡಿ ಯಾರಿಗೂ ಯಾವ ಧೈರ್ಯವೂ ಬಂದಿರಲಿಲ್ಲ. ಆದರೂ ನಿರ್ಮಾಪಕ ಸುಮ್ಮನಿರುತ್ತಾನೆಯೇ? ಇವರಿಬ್ಬರ ಮಾತಿಗೆ ಅಷ್ಟು ಜನರ ಹೊಟ್ಟೆಯ ಮೇಲೆ ಹೊಡೆಯಲಾಗುತ್ತದೆಯೇ ಎಂದು ಒಳಗಿಂದ ತಿವಿದ. ನಾನು ಕಮಲಾಕ್ಷಮ್ಮನವರ ಕಡೆ ನೋಡಿದೆ. ಅವರು ಬಳೆ ತಿರುಗಿಸುತ್ತ ಮೆಲ್ಲಗೆ ಹೇಳಿದರು:

"ಸಾರ್, ನನಗೂ ಕೆಲಸ ಬೇಕು. ಆದರೆ ಹೋದ ಸಲ ಶೂಟಿಂಗ್ ಮುಗಿಸಿ ಬಂದಾಗ ಇಲ್ಲಿಯ ಕನ್ನಡದ ಹೆಂಗಸರು ನನ್ನ ಕಾಲಿಗೆ ಬಿದ್ದು, ಮೋಕ್ಷ ಆದವಳು ಅಂತ ಕಣ್ಣಿಗೊತ್ತಿಕೊಂಡರು. ಈ ಸಲ ರಿಕ್ಷಾ ಇಳಿಯೋ ಹೊತ್ತಿಗೆ ಒಬ್ಬಾಕೆ, ಪರಮೇಶ್ವರನೇ ಬೇಡ ಅಂತ ಕಳಿಸಿದನಂತೆ, ಏನು ಪಾಪ ಮಾಡಿದ್ದಳೋ ಅಂದಳು. ನನ್ನ ಕೈಲಾಗಲ್ಲ ಸಾರ್. ನಾನು ಸತ್ತೇ ಇರ್ತೀನಿ."

ಅತ್ತ ದರಿ, ಇತ್ತ ಪುಲಿ. ಬದುಕಿರಲು ಒಪ್ಪದ ನಟಿಯನ್ನು ಯಾವ ನಿರ್ದೇಶಕನೂ ಬದುಕಿಸಲಾರ. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡು, ಬೇರೆ ದಾರಿ ಕಾಣದೆ, "ಆ ಅಜ್ಜಿಗೆ ಒಬ್ಬ ಅವಳಿ ತಂಗಿ..." ಎಂದು ಶುರುಮಾಡಿದೆ. ನಾಗತ್ತೆ ನನ್ನನ್ನು ನೋಡಿದ ನೋಟಕ್ಕೆ ತಂಗಿ ಅಲ್ಲೇ ತೀರಿಕೊಂಡಳು.

"ಸುಮ್ನೆ ವಾದ ಯಾಕೆ," ಎಂದಳು ಅತ್ತೆ. "ಬಸಮ್ಮ, ಆ ಫೋನ್ ಕೊಡಿ ಇಲ್ಲಿ. ಉಸಿರಿತ್ತು ಅಂತಾನಲ್ಲ, ತಾನೇ ತೆಗೆದದ್ದನ್ನ ಒಂದು ಸಲ ಸರಿಯಾಗಿ ನೋಡಲಿ."

ನಾಲ್ಕು ಜನ ಒಂದು ಫೋನಿನ ಮೇಲೆ ಬಾಗಿ ಕೂತೆವು. ಗೌರಜ್ಜಿ ಮರಳಿನ ಮೇಲೆ ಹಾಸಿದ ಹಾಸಿಗೆಯಲ್ಲಿ ಮಲಗಿದ್ದಳು. ತುಳಸಿ ಬಂತು, ಗಂಗಾಜಲ ಬಂತು, ಹಿಂದೆ ಚಿನ್ನದಂಥ ಬಿಸಿಲಿನಲ್ಲಿ ಘಾಟುಗಳ ಸಾಲು ಬಂತು. ನನ್ನ ಶಾಟ್ ನೋಡಿ ನನಗೇ ಹೆಮ್ಮೆಯಾಯಿತು ಎಂದು ಆ ಸ್ಥಿತಿಯಲ್ಲೂ ಹೇಳಬೇಕು. ಬಸಮ್ಮ ಎಂದಿನಂತೆ ಅಜ್ಜಿಯ ಮುಖ ನೋಡುತ್ತಿದ್ದರು. ನಾಗತ್ತೆ ಆವತ್ತು ಮಾತ್ರ, ಸಾಕ್ಷಿ ಹುಡುಕುವ ಹಟಕ್ಕೆ, ಕನ್ನಡಕ ಹಣೆಗೇರಿಸಿ ಇಡೀ ಪರದೆ ಜಾಲಾಡಿದಳು.

"ಇದು ನಮ್ಮ ಘಾಟು," ಎಂದಳು. "ಇದು ನಮ್ಮ ಗಲಿ ಇಳಿಯೋ ಮೆಟ್ಟಿಲು. ಇದೋ ನಮ್ಮ ಮಾಳಿಗೆ ಮೇಲಿನ ಕಪ್ಪು ಟ್ಯಾಂಕು." ಬೆರಳು ಅಲ್ಲೇ ನಿಂತಿತು. "ತಡಿ ತಡಿ. ನಮ್ಮ ಟ್ಯಾಂಕು ನದಿ ಆಚೆ ಕಾಣ್ತಿದೆ. ಹಾಗಾದ್ರೆ ಇವಳು ಎಲ್ಲಿ ಮಲಗಿದ್ದಾಳೋ ಶೀನ?"

"ಆಚೆ ದಡದಲ್ಲಿ, ಅತ್ತೆ. ಈಚೆ ಜನ ಜಾಸ್ತಿ ಇದ್ದರು ಅಂತ."

ಇಬ್ಬರೂ ಮುಖ ಮುಖ ನೋಡಿಕೊಂಡರು. ನಾಗತ್ತೆ ಮೊದಲು ನಕ್ಕಳು, ಆಮೇಲೆ ಬಸಮ್ಮ. ಒಬ್ಬರ ತೊಡೆಯ ಮೇಲೊಬ್ಬರು ಹೊಡೆದುಕೊಂಡು, ಕೆಮ್ಮು ಬರುವವರೆಗೆ ನಕ್ಕರು.

"ಅಯ್ಯೋ ಮಂಕೇ," ಎಂದಳು ಅತ್ತೆ, "ಅದು ಕಾಶಿ ಅಲ್ಲ ಕಣೋ, ವ್ಯಾಸಕಾಶಿ. ಆ ದಡದಲ್ಲಿ ಸತ್ತರೆ ಮೋಕ್ಷ ಎಲ್ಲಿಂದ ಬರಬೇಕು? ಅಲ್ಲಿ ಸತ್ತವರು ಕತ್ತೆಯಾಗಿ ಹುಟ್ತಾರೆ ಅಂತ ಇಲ್ಲಿ ಹಾಲು ಹಾಕೋವನಿಗೂ ಗೊತ್ತು. ನಮ್ಮ ಊರಿನ ಗಡಿಗೇ ಬರದೆ ಸತ್ತವಳಿಗೆ ಇವನು ಈಶ್ವರನ ಕೈಲಿ ಮಂತ್ರ ಹೇಳಿಸಿದ್ದಾನೆ."

"ಅದಕ್ಕ ಅಂವ ವಾಪಸ್ ಕಳಿಸ್ಯಾನ," ಎಂದರು ಬಸಮ್ಮ, ಕಣ್ಣೊರೆಸಿಕೊಳ್ಳುತ್ತ. ಅದೇ ಸೆರಗು, ಈಗ ನಗುವಿಗೆ. "ನಮ್ಮದೇನೂ ಕೆಟ್ಟಿಲ್ಲ ಹಂಗಾರ. ಈಶ್ವರನ ಮಾತು ಈಶ್ವರನ ಮಾತ."

ಭೋಲಾ ಅಂದು ಮುಖ ಹುಳ್ಳಗೆ ಮಾಡಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. "ಹಾಗಾದರೆ ಅವಳನ್ನು ತರಬಹುದಾ ಅತ್ತೆ?" ಎಂದೆ, ಸ್ಕೂಲಿನಲ್ಲಿ ನೀರು ಕುಡಿಯಲು ಕೇಳುವವನ ಧ್ವನಿಯಲ್ಲಿ.

"ಧಾರಾಳವಾಗಿ ತಾ. ಆದರೆ ಆ ದಡದಲ್ಲಿ ಬಿದ್ದಿದ್ದಳು ಅಂತ ಬಾಯಿಬಿಟ್ಟು ಹೇಳಿಸು. ನ್ಯಾಯವಾಗಿ ಕತ್ತೆಯಾಗಿ ಬರಬೇಕು, ಅದೊಂದು ಬೇಕಾದ್ರೆ ಬಿಡ್ತೀವಿ."

"ಬಿಡೋದೇನು ಬೇಡಮ್ಮ," ಎಂದರು ಕಮಲಾಕ್ಷಮ್ಮ. ಅವರ ಮುಖಕ್ಕೆ ಅಷ್ಟರಲ್ಲಿ ರಕ್ತ ಬಂದಿತ್ತು. "ಆ ಮನೇಲಿ ಸೊಸೆ ನನ್ನ ಮೇಲೆ ಹೊರಿಸಿರೋದು ನೋಡಿದ್ದೀರಲ್ಲ, ಅದು ಕತ್ತೆ ಜನ್ಮವೇ."

ನಾಗತ್ತೆ ಎದ್ದು ರವೆ ಹುರಿಯಲು ಹೋದಳು. ಎಪಿಸೋಡಿನಲ್ಲಿ ಗೌರಜ್ಜಿ ದೋಣಿಯಿಂದ ಈಚೆ ದಡಕ್ಕೆ ಇಳಿದು, "ನಾನು ಕಾಶಿ ಮುಟ್ಟಿಯೇ ಇರಲಿಲ್ಲ ಮಗಾ" ಎಂದಳು. ಆ ಮಾತು ಬರೆದದ್ದು ನಾನಲ್ಲ, ಅತ್ತೆ. ಹಿಂದೆ ಭಜನೆಗೆ ಕೂತವರಲ್ಲಿ ಅತ್ತೆಯೂ ಬಸಮ್ಮನೂ ಇದ್ದರು. ಕ್ಯಾಮೆರಾ ತಮ್ಮ ಕಡೆ ತಿರುಗಿದಾಗ ಇಬ್ಬರೂ ಗೆದ್ದವರ ಹಾಗೆ ನೋಡಿದರು, ಎಷ್ಟು ಟೇಕ್ ತೆಗೆದರೂ ಆ ಕಳೆ ಹೋಗಲಿಲ್ಲ. ಸ್ಲಾಟ್ ಉಳಿಯಿತು. ಚಾನೆಲ್‌ನ ಯುವಕ ಫೋನ್ ಮಾಡಿ, "ಸರ್, ಈ ಎರಡು ದಡದ ಕಾನ್ಸೆಪ್ಟ್ ಸಖತ್ತಾಗಿದೆ, ಮುಂದೆ ಅಳಿಯನನ್ನೂ ಆ ಕಡೆ ಹಾಕೋಣ" ಎಂದ.

ಮೊನ್ನೆ ಗಾಂಧಿನಗರದ ಅದೇ ಹೋಟೆಲಿನಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕಿದ. ನನ್ನ ಮೂರು ಸಿನಿಮಾಗಳಿಗೂ ಕಾಫಿ ಕುಡಿದು ಎದ್ದವರಲ್ಲಿ ಅವನೂ ಒಬ್ಬ. "ಏನಯ್ಯಾ ಶೀನ, ಎಷ್ಟು ಸಲ ಸತ್ತರೂ ಎದ್ದು ಬರ್ತೀಯಲ್ಲ, ಏನು ಪುಣ್ಯ ಮಾಡಿದ್ದೆ?" ಎಂದು ಬೆನ್ನು ತಟ್ಟಿದ. ಮೊದಲಾಗಿದ್ದರೆ ಇದನ್ನು ಹೊಗಳಿಕೆ ಎಂದುಕೊಂಡು ಅವನ ಕಾಫಿಗೂ ನಾನೇ ಕೊಡುತ್ತಿದ್ದೆ. ಪುಣ್ಯ ಮಾಡಿದವರು ಎದ್ದು ಬರುವುದಿಲ್ಲ ಎಂದು ಈಗ ನನಗೆ ಗೊತ್ತಿದೆ. ನಾನು ಪ್ರತಿ ಸಲ ಯಾವ ದಡದಲ್ಲಿ ಸಾಯುತ್ತಿದ್ದೆ ಎಂಬುದೂ ತಿಳಿದಿದೆ. ಅವನಿಗೆ ಅದನ್ನೆಲ್ಲ ಹೇಳುತ್ತ ಕೂರಲಿಲ್ಲ. ನಾಲ್ಕನೆಯ ಸಿನಿಮಾದ ಹೊರೆ ಆಗಲೇ ಬೆನ್ನ ಮೇಲಿತ್ತು.