ಯಜಮಾನರ ಉಂಗುರದ ಅಳತೆ

ಜಗದಾಂಬಮ್ಮನವರಿಗೆ ಓದು ಬರಹ ಅಷ್ಟಕ್ಕಷ್ಟೇ. ಒಂದು ಸಹಿ ಹಾಕಬೇಕಾದರೆ ಕಾಫಿ ಆರಿಹೋಗುತ್ತದೆ. ಅಳತೆಯಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪುವವರಲ್ಲ. ಅದಕ್ಕೇ, ತೆಂಗಿನ ಸಾಲಿನಲ್ಲಿ ಓಡಾಡುವಂಥ ಸಣ್ಣ ಟ್ರ್ಯಾಕ್ಟರ್ ಕೊಳ್ಳಲು ಮಗ ವಿಜಯೇಂದ್ರ ಹೊಳಲೂರಿನಿಂದ ಹೊರಟಾಗ ಅವರೂ ಸೆರಗು ಬಿಗಿದು ಹೊರಟರು.

"ಹಳೇ ಕಲ್ಟಿವೇಟರ್ ಅದಕ್ಕೆ ಕೂರಲ್ಲಮ್ಮ. ಗುಜರಿಗೆ ಹಾಕೋಣ."

"ನಿಮ್ಮಪ್ಪ ತಂದಿದ್ದು ಕಣೋ. ಕೂರುತ್ತೋ ಇಲ್ವೋ ನಾನು ನೋಡ್ತೀನಿ."

ಯಜಮಾನರು ಹೋಗಿ ನಾಲ್ಕು ವರ್ಷ. ಅವರು ಬಿಟ್ಟುಹೋದ ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನಿಗೆ ಅವರದೇ ಉಂಗುರ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. (ಯಜಮಾನರ ಬೆರಳು ಅಂಥದ್ದು!) ಜಗದಾಂಬಮ್ಮ ಆ ಉಂಗುರ ಎತ್ತಿಕೊಂಡು, ಎರಡು ಪಿನ್ನುಗಳ ನಡುವಿನ ದೂರಕ್ಕೆ ದಾರ ಹಿಡಿದು ಗಂಟು ಹಾಕಿಕೊಂಡರು.

ಶಿವಮೊಗ್ಗದ ಅಂಗಡಿಯ ಟ್ರ್ಯಾಕ್ಟರಿನ ಪಿನ್ನು ಉಂಗುರದೊಳಕ್ಕೆ ತೂರಲೇ ಇಲ್ಲ. ಕೊಟ್ಟ ಟೀಯನ್ನೂ ಕುಡಿಯದೆ ಜಗದಾಂಬಮ್ಮ ಎದ್ದರು. ಭದ್ರಾವತಿಯ ಅಂಗಡಿಯಲ್ಲಿ ಉಂಗುರವೂ ಒಪ್ಪಿತು, ಗಂಟೂ ಒಪ್ಪಿತು.

"ಅಳತೆ ಸರಿ ಇದೆ ಅಜ್ಜಿ," ಎಂದ ಅಂಗಡಿಯವನು. "ಆದ್ರೆ ಅದು ಭಾರದ ಸಾಮಾನು. ಮುಂದುಗಡೆಗೆ ಈ ಕಬ್ಬಿಣದ ವೇಟ್ ಹಾಕಿಸ್ಕೊಳ್ಳಿ."

"ಭಾರ ಬೇಕಾದ್ರೆ ನಮ್ಮನೇಲೇ ಬೇಕಾದಷ್ಟು ಕಲ್ಲಿದೆ ಮಾರಾಯ. ಇದನ್ನ ಯಾರಾದ್ರೂ ದಡ್ಡರಿಗೆ ಮಾರು."

ಟ್ರ್ಯಾಕ್ಟರ್ ಮನೆಗೆ ಬಂದು ಪೂಜೆಯಾಯಿತು. ಕಲ್ಟಿವೇಟರ್ ಗಕ್ಕನೆ ಕೂತಿತು. ಜಗದಾಂಬಮ್ಮ ಗೆದ್ದ ಮಹಾರಾಣಿಯಂತೆ ಆರತಿ ತಟ್ಟೆ ಹಿಡಿದು ಎದುರಿಗೆ ನಿಂತರು. ವಿಜಯೇಂದ್ರ ಲಿವರ್ ಎತ್ತಿದ. ಕಲ್ಟಿವೇಟರ್ ಏಳಲಿಲ್ಲ, ಟ್ರ್ಯಾಕ್ಟರೇ ಹೋರಿಯ ಹಾಗೆ ಮುಂಗಾಲೆತ್ತಿ ಅವರಿಗೆ ನಮಸ್ಕಾರ ಮಾಡಿತು.

"ದಪ್ಪ ಅಳೆದೆ, ಅಗಲ ಅಳೆದೆ. ಭಾರ?" ಎಂದ ಮಗ, ಕೆಳಗಿಳಿದು. "ಗುಜರಿಯವನಿಗೆ ಹೇಳಿ ಕಳಿಸ್ತೀನಿ."

ಸೊಸೆ ರಶ್ಮಿ ಮೆಲ್ಲಗೆ ಕೆಮ್ಮಿದಳು. "ಭಾರ ಬೇಕಾದ್ರೆ ಮನೇಲೇ ಕಲ್ಲಿದೆ ಅಂದಿದ್ರಂತಲ್ಲ ಅತ್ತೆ?"

ಎಲ್ಲರ ಕಣ್ಣೂ ಹಿತ್ತಲಿನ ಒರಳಿನ ಮೇಲೆ ಬಿತ್ತು. 'ಮಿಕ್ಸಿ ಚಟ್ನಿ ಬಾಯಿಗೆ ಇಡೋಕಾಗಲ್ಲ' ಎಂದು ಜಗದಾಂಬಮ್ಮ ಮೂರು ವರ್ಷದಿಂದ ಆ ಒರಳನ್ನು ಬಿಟ್ಟುಕೊಟ್ಟಿರಲಿಲ್ಲ. ರಶ್ಮಿಯ ತವರಿನ ಮಿಕ್ಸಿ ಇನ್ನೂ ಡಬ್ಬದಲ್ಲೇ ಇತ್ತು.

ಜಗದಾಂಬಮ್ಮ ಒಮ್ಮೆ ಕಲ್ಟಿವೇಟರ್ ನೋಡಿದರು, ಒಮ್ಮೆ ಒರಳು ನೋಡಿದರು.

"ಗುಂಡು ಮಾತ್ರ ಇಲ್ಲೇ ಇರ್ಲಿ," ಎಂದರು ಕೊನೆಗೆ.

ಮೂತಿಗೆ ಒರಳು ಬಿಗಿಸಿಕೊಂಡ ಟ್ರ್ಯಾಕ್ಟರ್ ಕಲ್ಟಿವೇಟರ್ ಎತ್ತಿಕೊಂಡು ಗಂಭೀರವಾಗಿ ತೋಟಕ್ಕೆ ನಡೆಯಿತು. ಜಗದಾಂಬಮ್ಮ ಕಣ್ಣೊರೆಸಿಕೊಂಡು ನಕ್ಕರು. "ನೋಡೇ ರಶ್ಮಿ, ಮುಂದೆ ನಂದು, ಹಿಂದೆ ಅವರದು. ಇದ್ದಾಗ ಒಂದು ದಿನಾನೂ ನನ್ನನ್ನ ಮುಂದೆ ನಡೆಯೋಕೆ ಬಿಟ್ಟವರಲ್ಲ."

ರಶ್ಮಿ ಆಗಲೇ ಒಳಗಿದ್ದಳು. ಮಿಕ್ಸಿ ಗುರ್ರೆಂದಿತು.

ಮಧ್ಯಾಹ್ನ ಜಗದಾಂಬಮ್ಮ ರೊಟ್ಟಿಗೆ ಚಟ್ನಿ ಸೋಕಿಸಿ, ಮುಖ ಸಿಂಡರಿಸಿಕೊಂಡೇ ಬಾಯಿಗಿಟ್ಟರು. ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದರು.

"ಇನ್ನೊಂಚೂರು ಹಾಕು. ಉಪ್ಪು ಸರಿ ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ."

ನಾಲ್ಕನೇ ರೊಟ್ಟಿಯವರೆಗೂ ಗೊತ್ತಾಗಲಿಲ್ಲ.