ಮಾವನ ಹೊಟ್ಟೆಯ ಹೆಪ್ಪು

ಗಜೇಂದ್ರಗಡದ ನಮ್ಮ ಸೋದರಮಾವನಿಗೆ ದೇವರು ಮೊದಲು ಹೊಟ್ಟೆಯನ್ನು ಮಾಡಿ, ಆಮೇಲೆ ಅದನ್ನು ಹೊತ್ತು ತಿರುಗಲಿ ಎಂದು ಕೈಕಾಲು ಅಂಟಿಸಿದ ಅಂದರೆ ನೀವು ನಂಬಲಿಕ್ಕಿಲ್ಲ. ನೋಡಿದ್ದರೆ ನಂಬುತ್ತಿದ್ದಿರಿ! ಅತ್ತೆಯೋ, ಟೈಫಾಯ್ಡ್ ಬಂದು ಹೋದ ಮೇಲೆ ಜೋಳದ ದಂಟಿನಂತಾಗಿದ್ದಳು. "ಜ್ವರ ಹೋಗೈತ್ರಿ. ಆದ್ರ ತೂಕ ಏರಲಿಲ್ಲಂದ್ರ ಮುಂದ ತ್ರಾಸ ಐತಿ" ಎಂದು ದವಾಖಾನೆಯ ಡಾಕ್ಟರು ಹೇಳಿದ್ದೇ ತಡ, ಮಾವನಿಗೆ ನಿದ್ದೆ ಹತ್ತದಾಯಿತು.

ಊರಿಗೆ ಮೊಬೈಲು ಆಗಷ್ಟೇ ಕಾಲಿಟ್ಟಿದ್ದ ಕಾಲ. ಒಂದು ಬೆಳಿಗ್ಗೆ ಮಾವ ಪೇಪರು ಹಿಡಿದುಕೊಂಡು ಅಂಗಳದಿಂದಲೇ ಕೂಗುತ್ತ ಬಂದ. ದಪ್ಪ ಇಲಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಸಣಕಲು ಇಲಿಯ ಹೊಟ್ಟೆಗೆ ಸೇರಿಸಿದರೆ ಅದೂ ದಪ್ಪಗಾಗುತ್ತದಂತೆ!

"ಇದು ಹೆಪ್ಪ ಹಾಕಿದಂಗ ನೋಡವಾ! ನಿಮ್ಮ ಅತ್ತಿ ಹೊಟ್ಟಿಗೆ ದಪ್ಪ ಮಂದಿ ಮನಿ ಹೆಪ್ಪ ಬೇಕು!"

ಅವರ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ ನಾನು ನಕ್ಕೆ. ಮಾವ ಆಗಲೇ ಸ್ಟೀಲ್ ಡಬ್ಬಿ ಹಿಡಿದು ರೋಣದ ಬಸ್ಸು ಹತ್ತಿದ್ದ. ಅಲ್ಲಿ ಅವನ ಹಳೆಯ ಗೆಳೆಯ, ಬಟ್ಟೆ ವ್ಯಾಪಾರದ ಸಾಹೇಬರು, ಮನೆಮಂದಿಯೆಲ್ಲ ದುಂಡಗೆ.

"ಯಾಕ್ರಿ, ಗಜೇಂದ್ರಗಡದಾಗ ಮೊಸರು ತೀರೈತೇನ್ರಿ?" ಮಾವ ಹೆಪ್ಪು ಕೇಳಿದ್ದಕ್ಕೆ ಸಾಹೇಬರು ಅಂದರು.

"ಮೊಸರು ರಗಡ ಐತ್ರಿ. ನಿಮ್ಮಷ್ಟು ದಪ್ಪ ಮಂದಿ ಇಲ್ರಿ!"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಡಬ್ಬಿ ತುಂಬಿಸಿ ಕಳಿಸಿದರು. ನರಗುಂದದ ದೂರದ ಬೀಗತಿ ಮಾತ್ರ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟರು. "ನಾ ದಪ್ಪ ಅದೀನಂತ ಹೇಳಾಕ ಅಷ್ಟು ದೂರದಿಂದ ಬಂದ್ರೇನು?" ಮಾವ ಖಾಲಿ ಡಬ್ಬಿ, ತುಂಬಿದ ಕಿವಿಗಳೊಂದಿಗೆ ಮರಳಿದ.

ಸಾಹೇಬರ ಹೆಪ್ಪಿನಿಂದ ಗಡಿಗೆಗಟ್ಟಲೆ ಮೊಸರಾಯಿತು. ವಾರಗಟ್ಟಲೆ ಅದನ್ನು ಉಣಿಸಿದ ಮೇಲೆ ಮಾವ ಅತ್ತೆಯನ್ನು ಅಡತಿ ಅಂಗಡಿಗೆ ಕರೆದೊಯ್ದು, ಶೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದ. ನಾಚಿಕೆಯಿಂದ ಅತ್ತೆಯ ಮುಖ ಸೆರಗಿನಲ್ಲಿ! ಮುಳ್ಳು ಅಲ್ಲಾಡಲಿಲ್ಲ. ತೂಕ ಏರಿದ್ದು ಮಾವನದು. ಅವಳು ಬಿಟ್ಟ ಮೊಸರನ್ನೆಲ್ಲ ಹಾಳಾಗಬಾರದೆಂದು ಖಾಲಿ ಮಾಡಿದವರು ಯಾರು ಮತ್ತೆ?

"ಮಾವಾ, ನಿನ್ನ ಹೊಟ್ಟ್ಯಾಗ ಇಷ್ಟು ಮಾಲ ಇಟಗೊಂಡು ಊರೂರು ಯಾಕ ತಿರಗತಿ?" ಎಂದು ನಾನು ಚೇಷ್ಟೆಗೆ ಅಂದೆ. ಅಷ್ಟೇ! ಮಾವನ ಹೆಪ್ಪು ಅತ್ತೆಯ ಹೊಟ್ಟೆಗೆ ಹತ್ತಲೆಂದು, ಅಂದಿನಿಂದ ಗಂಡ ಹೆಂಡತಿ ಒಂದೇ ತಾಟಿನಲ್ಲಿ ಉಣ್ಣಬೇಕೆಂದು ಹುಕುಂ ಹೊರಟಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಎಲ್ಲರದೂ ಊಟ ಮುಗಿದ ಮೇಲೆ ಅತ್ತೆ ಒಲೆಯ ಮುಂದೆ ಒಬ್ಬಳೇ ಕೂತು, ಉಳಿದದ್ದನ್ನು ಉಣ್ಣುತ್ತಿದ್ದಳು. ಉಳಿದಿದ್ದರೆ! ಯಾರೂ ಅದನ್ನು ಗಮನಿಸಿದವರಲ್ಲ, ನಾನೂ ಅಲ್ಲ.

"ನಾ ನಿಮ್ಮ ಜೋಡಿ ಉಣ್ಣಾಕ ಕುಂತ್ರ ರೊಟ್ಟಿ ಬಡಿಯಾವರು ಯಾರ್ರಿ?"

"ನಾ ಬಡಿತೀನಿ, ಸರಿ ಅತ್ಲಾಗ!"

ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹಂಚು ಬಿಡಲೊಲ್ಲೆ ಎಂದಿತು. ಮಾವ ರೊಟ್ಟಿಗೇ ಬೈದ! ಆದರೂ ಹಟ ಬಿಡಲಿಲ್ಲ. ಬಡಿದ, ಸುಟ್ಟ, ಉಣಿಸಿದ, ತಾನೂ ಉಂಡ. ಕೆಲವು ತಿಂಗಳಲ್ಲಿ ಕಾಟಾದ ಮುಳ್ಳು ನಿಜಕ್ಕೂ ಸರಿಯಿತು! ಅಡತಿ ಅಂಗಡಿಯಲ್ಲಿ ಪೇಢಾ ಹಂಚಿದ ಮಾವ, "ಎಲ್ಲಾ ನನ್ನ ಹೊಟ್ಟಿ ಹೆಪ್ಪಿನ ಕರಾಮತ್ತು!" ಎಂದು ಸಾರಿದ.

ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಅತ್ತೆಯನ್ನು ಕೇಳಿದೆ, "ಖರೇನ ಹೆಪ್ಪ ಹತ್ತಿತೇನು?"

ಅತ್ತೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಮೆಲ್ಲಗೆ ಹೇಳಿದಳು. "ಅದೆಲ್ಲ ನನಗ ತಿಳಿಯೂದಿಲ್ಲವಾ. ಈ ಮನಿಗೆ ಬಂದ ಮ್ಯಾಲ ಬಿಸಿ ರೊಟ್ಟಿ ಉಂಡಿದ್ದು ಈಗಷ್ಟ."

ಒಲೆಯ ಮುಂದಿದ್ದ ಮಾವ ತಿರುಗಿ ನೋಡಿದ. ಅವಳ ಮುಂದಿದ್ದ ಆರಿದ ರೊಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, ಹಂಚಿನ ಮೇಲಿನದನ್ನು ಅವಳ ಕೈಗಿಟ್ಟ.